ಹೊಳೆಯವರು ಕಂಡ ಬೆಂಗಳೂರು

ಹಮ್ಮಿಗಿಯ ಮೂವರು ಮಿತ್ರರು ಎರಡು ದಿನದ ಬಿಡುವಿನಲ್ಲಿ ರಾಜಧಾನಿಯನ್ನು ನೋಡಹೊರಟರು. ಹುಟ್ಟಿದಂದಿನಿಂದ ತುಂಗಭದ್ರೆಯ ದಂಡೆಯಲ್ಲಿ ಬೆಳೆದವರಿಗೆ ನದಿಯಿಲ್ಲದ ಮಹಾನಗರವೆಂಬುದೇ ಮೊದಲ ಸೋಜಿಗ.

ಶನಿವಾರ ನಸುಕಿನಲ್ಲಿ ಅವರು ಇಳಿದ ಕೆಂಪೇಗೌಡ ಬಸ್ ನಿಲ್ದಾಣವು ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆಯಾಗಿತ್ತೆಂದು, ಕರೆದೊಯ್ಯಲು ಬಂದಿದ್ದ ಬೆಂಗಳೂರಿನ ಗೆಳೆಯನು ತಿಳಿಸಿದನು. ಗವಿಗಂಗಾಧರೇಶ್ವರನ ಗುಡಿಯಲ್ಲಿ, ಮಕರ ಸಂಕ್ರಾಂತಿಯ ಸಂಜೆ ನಂದಿಯ ಕೊಂಬುಗಳ ನಡುವೆ ತೂರಿ ಲಿಂಗವನ್ನು ಮುಟ್ಟುವ ಬಿಸಿಲಿನ ಜಾಡನ್ನು ಕಣ್ಣಳತೆಯಲ್ಲೇ ಗುರುತಿಸಿದರು. ಲಾಲ್‌ಬಾಗಿನಲ್ಲಿ 1889ರ ಗಾಜಿನ ಮನೆಗಿಂತ ಸುಮಾರು 300 ಕೋಟಿ ವರ್ಷಗಳ ಬಂಡೆಯೇ ಅವರನ್ನು ಹೆಚ್ಚು ಹೊತ್ತು ಹಿಡಿದಿಟ್ಟಿತು.

ರವಿವಾರ ಕಂಠೀರವ ಕ್ರೀಡಾಂಗಣದತ್ತ ನಡೆದರು. ಸಂಪಂಗಿ ಕೆರೆಯು ಆಟದ ಬಯಲಾದ ಮೇಲೂ ಕರಗದ ವಿಧಿಗಳಿಗೆಂದು ಪುಟ್ಟ ಕೊಳವೊಂದು ಅಲ್ಲಿ ಉಳಿದಿದೆ.

“ನಮ್ಮ ಕಡೆ ನೀರಿಗೆ ಊರು ಜಾಗಾ ಬಿಟ್ಟವು, ಇಲ್ಲಿ ಊರಿಗೆ ಕೆರಿ ಜಾಗಾ ಬಿಟ್ಟಾವ ನೋಡ್ರಪಾ,” ಎಂದನು ಹಿರಿಯನು. ಸಿಂಗಟಾಲೂರು ಏತ ನೀರಾವರಿಗಾಗಿ ಹಮ್ಮಿಗಿಯಲ್ಲಿ ಕಟ್ಟಿದ ಬ್ಯಾರೇಜಿನ ಹಿನ್ನೀರಿನಿಂದ ದಂಡೆಯ ಹಳ್ಳಿಗಳು ನೆಲೆ ಬಿಡಬೇಕಾದ ಸಂಕಟವನ್ನು ಅವನು ಕಣ್ಣಾರೆ ಕಂಡಿದ್ದನು.

ಯಾರೂ ಮಾತು ಬೆಳೆಸಲಿಲ್ಲ. ಸುಮಾರು ನೂರು ಕಿಲೋಮೀಟರು ದೂರದಿಂದ ಕಾವೇರಿಯನ್ನು ಮೇಲೆತ್ತಿ ತರುವ ನಗರವು, ದ್ರೌಪದಿಯ ಉತ್ಸವಕ್ಕಾಗಿ ಬೊಗಸೆಯಷ್ಟಾದರೂ ಹಳೆಯ ನೀರನ್ನು ಕಾಯ್ದುಕೊಂಡಿದೆಯಲ್ಲ! ಮೂವರೂ ಆ ಕೊಳಕ್ಕೆ ಕೈಮುಗಿದರು.