ಕ್ಲಾಸ್‌ಮೇಟ್ ಅಂತ ಬಂದ ಫೋನು

ಹಾಸನದಲ್ಲಿ ಒಂದೇ ಕ್ಲಾಸಿನಲ್ಲಿ ಕೂತು ಪತ್ರಿಕೋದ್ಯಮ ಓದಿದವರು ನಾವು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಿಂದ ಬೆಳಗಿನ ಬಸ್ಸು ಹತ್ತಿ ಬರುತ್ತಿದ್ದೆವು, ಮಧ್ಯಾಹ್ನ ಒಬ್ಬರ ಡಬ್ಬಿಗೆ ಇನ್ನೊಬ್ಬರು ಕೈ ಹಾಕುತ್ತಿದ್ದೆವು. ಈಗ ಕೆಲವರು ಪತ್ರಿಕೆಗಳಲ್ಲಿದ್ದೇವೆ, ಕೆಲವರು ಪಕ್ಷಗಳ ಪ್ರಚಾರದ ಕೆಲಸಕ್ಕೆ ಹೋದರು. ನಮ್ಮ ಜಿಲ್ಲೆಯ ಚುನಾವಣೆ ಗೊತ್ತಲ್ಲ, ಅಣ್ಣತಮ್ಮಂದಿರೇ ಮಾತು ಬಿಡುತ್ತಾರೆ.

ಅಂಥದ್ದೇ ಒಂದು ಚುನಾವಣೆಯ ಹೊತ್ತಿಗೆ ಒಂದು ರಾತ್ರಿ ಹಳೆಯ ಗೆಳೆಯನ ಫೋನು ಬಂತು. "ಒಂದೇ ಬೆಂಚಲ್ಲಿ ಕೂತಿದ್ವಿ ಕಣ್ರೋ, ಆ ಕೆರೆ ಸುದ್ದಿ ಈಗ ಬೇಡ." ಹೂಳು ತೆಗೆದಿದ್ದೇವೆ ಅಂತ ಬಿಲ್ಲು ಆಗಿತ್ತು, ಕೆರೆಗೆ ಗುದ್ದಲಿಯೇ ಬಿದ್ದಿರಲಿಲ್ಲ. ನಾವು ಸುದ್ದಿ ಕೈಬಿಟ್ಟೆವು. ಸ್ನೇಹ ಉಳಿಯಿತು ಅಂದುಕೊಂಡೆವು.

ಆಮೇಲೆ ಸಹಪಾಠಿಗಳೇ ಎದುರುಬದುರು ನಿಂತ ಕಥೆಗಳನ್ನು ಹುಡುಕಿ ಓದತೊಡಗಿದೆವು. 1932ರಲ್ಲಿ ಡೆಹ್ರಾಡೂನಿನ ಸೇನಾ ಅಕಾಡೆಮಿ ಶುರುವಾದಾಗ ಮೊದಲ ತಂಡದಲ್ಲಿ ಇದ್ದವರು 40 ಮಂದಿ. ಅವರಲ್ಲಿ ಸ್ಯಾಮ್ ಮಾಣೆಕ್‌ಷಾ ಭಾರತದ, ಮುಹಮ್ಮದ್ ಮೂಸಾ ಪಾಕಿಸ್ತಾನದ, ಸ್ಮಿತ್ ಡನ್ ಬರ್ಮಾದ ಸೇನಾ ಮುಖ್ಯಸ್ಥರಾದರು. 1965ರ ಯುದ್ಧದಲ್ಲಿ ಪಾಕಿಸ್ತಾನದ ಸೇನೆ ಮೂಸಾ ಕೈಯಲ್ಲಿತ್ತು, ನಮ್ಮ ಪೂರ್ವ ಕಮಾಂಡ್ ಮಾಣೆಕ್‌ಷಾ ಕೈಯಲ್ಲಿ. ಕರೆನ್ ಜನಾಂಗದವರಾದ ಡನ್, 1949ರಲ್ಲಿ ಅದೇ ಜನಾಂಗದ ದಂಗೆಯ ಹೊತ್ತಿಗೆ ಹುದ್ದೆ ಕಳೆದುಕೊಂಡರು.

ನಮ್ಮನ್ನು ತಟ್ಟಿದ್ದು ಮಾತ್ರ ಪಕ್ಕದೂರಿನವರ ಕಥೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಹುಟ್ಟಿದ್ದು ಅರಕಲಗೂಡಿನ ಆಚೆಗಿರುವ, ಕೊಡಗಿನ ಶನಿವಾರಸಂತೆಯಲ್ಲಿ. ವಿಭಜನೆಗೆ ಮೊದಲು ಅವರ ಕೈಕೆಳಗೆ ಕೆಲಸ ಮಾಡಿದ್ದ ಅಯೂಬ್ ಖಾನ್ 1965ರಲ್ಲಿ ಪಾಕಿಸ್ತಾನದ ಅಧ್ಯಕ್ಷರು. ಸೆಪ್ಟೆಂಬರ್ 22ರಂದು, ಯುದ್ಧ ಮುಗಿಯುವ ಹೊತ್ತಿಗೆ, ಕಾರ್ಯಪ್ಪನವರ ಮಗ ಹಾರಿಸುತ್ತಿದ್ದ ವಿಮಾನ ಹೊಡೆತಕ್ಕೆ ಬಿತ್ತು, ಮಗ ಸೆರೆಯಾದರು. ಹಳೆಯ ಪರಿಚಯದ ಮೇಲೆ ಬಿಟ್ಟು ಕಳಿಸುತ್ತೇನೆಂದು ಅಯೂಬ್ ಹೇಳಿಕಳಿಸಿದರು. ಸೆರೆಯಲ್ಲಿರುವವರೆಲ್ಲ ನನ್ನ ಮಕ್ಕಳೇ, ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಿ ಎಂಬುದು ಅಪ್ಪನ ಉತ್ತರ. ಮಗ ಮನೆಗೆ ಬಂದದ್ದು ತಿಂಗಳುಗಳ ನಂತರ, ಮುಂದಿನ ವರ್ಷ.

ಎದುರು ಪಾಳಯದಲ್ಲಿ ಸ್ನೇಹ ಇರುವುದು ತಪ್ಪಲ್ಲ. ಅದನ್ನು ಮುಂದಿಟ್ಟುಕೊಂಡು ನಮ್ಮವರಿಗಷ್ಟೇ ರಿಯಾಯಿತಿ ಪಡೆದರೆ, ಕೊಟ್ಟರೆ, ಅದರ ಬೆಲೆ ತೆರುವವರು ಬೇರೆಯವರು. ಅಲ್ಲಿ ಉಳಿದ ಕೈದಿಗಳು ತೆರಬೇಕಿತ್ತು. ನಮ್ಮಲ್ಲಿ ಕೆರೆಯ ಊರಿನವರು ತೆತ್ತರು.

ಮೊನ್ನೆ ಆ ಏರಿಯ ಮೇಲೆ ಅಜ್ಜಿಯೊಬ್ಬರು ಸಿಕ್ಕರು. "ಫೋಟೋ ಹೊಡ್ಕೊಂಡ್ ಹೋದ್ರಲ್ಲ, ಪೇಪರ್ನಾಗೆ ಬರ್ಲೇ ಇಲ್ವಲ್ಲಪ್ಪಾ" ಅಂದರು. ನಮ್ಮ ಬಳಿ ಉತ್ತರ ಇರಲಿಲ್ಲ.

ಕಾಗದಗಳನ್ನು ಮತ್ತೆ ಹೊರಗೆ ತೆಗೆದಿದ್ದೇವೆ. ಗೆಳೆಯನಿಗೆ ನಾವೇ ಫೋನು ಮಾಡಿ, "ಸುದ್ದಿ ಬರೀತಿದ್ದೀವಿ ಕಣೋ, ನಿಮ್ಮ ಕಡೆಯವರ ಮಾತೂ ಬೇಕು" ಅಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದ. "ನಾಳೆ ಹೇಳ್ತೀನಿ" ಅಂತ ಇಟ್ಟ. ಕಾಯುತ್ತಿದ್ದೇವೆ.