ಫ್ರೆಡ್ರಿಕ್ಸ್‌ಬರ್ಗ್‌ನಲ್ಲಿ ಜರ್ಮನಿಯನ್ನು ಹುಡುಕಬೇಡಿ

ಟೆಕ್ಸಾಸ್‌ನ ಗುಡ್ಡಗಾಡಿನಲ್ಲಿ, ಆಸ್ಟಿನ್ ನಗರದಿಂದ ಕಾರಿನಲ್ಲಿ ಒಂದೂವರೆ ಗಂಟೆಯ ದಾರಿಗೆ, ಫ್ರೆಡ್ರಿಕ್ಸ್‌ಬರ್ಗ್ ಎಂಬ ಚಂದದ ಊರೊಂದಿದೆ. ಬೇಸಿಗೆ ಬಂತೆಂದರೆ ಪೀಚ್ ಹಣ್ಣು ಕೊಳ್ಳಲು, ವೈನ್ ಸವಿಯಲು, ಸುಣ್ಣಕಲ್ಲಿನ ಹಳೆಯ ಮನೆಗಳ ಮುಂದೆ ಫೋಟೊ ತೆಗೆಸಿಕೊಳ್ಳಲು ಜನ ಮುಗಿಬೀಳುತ್ತಾರೆ. ಬಂದವರಿಗೆಲ್ಲ ಈ ಊರಿನ ಪರಿಚಯವಾಗುವುದು ‘ಅಮೆರಿಕದೊಳಗಿನ ಪುಟ್ಟ ಜರ್ಮನಿ’ ಎಂಬಂತೆ. ಊರಿನ ಸೊಗಸನ್ನು ಮನಸಾರೆ ಒಪ್ಪುತ್ತೇನೆ. ಆ ಪರಿಚಯವನ್ನು ಮಾತ್ರ ಒಪ್ಪಲಾರೆ. ಅಲ್ಲಿ ನೋಡಲೇಬೇಕಾದವುಗಳಲ್ಲಿ ಹೆಚ್ಚಿನವು ಜರ್ಮನಿಯಿಂದ ಹೊತ್ತು ತಂದವಲ್ಲ. ಜರ್ಮನಿಯನ್ನು ಬಿಟ್ಟುಬಂದವರು ಹೊಸ ನೆಲದ ಒತ್ತಾಯಕ್ಕೆ ಸಿಕ್ಕಿ ತಾವೇ ರೂಪಿಸಿಕೊಂಡವು. ಈ ವ್ಯತ್ಯಾಸ ತಿಳಿಯದೆ ಹೋದವರಿಗೆ ಊರಿನ ಅರ್ಧ ಕಾಣುವುದೇ ಇಲ್ಲ.

ಅಲ್ಲಿನ ‘ಸಂಡೇ ಹೌಸ್’ಗಳನ್ನೇ ನೋಡಿ. ಜರ್ಮನ್ ಕುಲೀನರು 1842ರಲ್ಲಿ ಕಟ್ಟಿದ ವಲಸೆ ಸಂಘವೊಂದು ಸಾವಿರಾರು ಜನರನ್ನು ಟೆಕ್ಸಾಸ್‌ಗೆ ಕರೆತಂದಿತು. ಅವರಲ್ಲಿ ಒಂದು ಗುಂಪು 1846ರ ಮೇ ತಿಂಗಳಲ್ಲಿ ಇಲ್ಲಿ ಬಂದು ಇಳಿಯಿತು. ಪ್ರತಿ ಕುಟುಂಬಕ್ಕೆ ಊರೊಳಗೆ ಒಂದು ಸೈಟು, ಹೊರಗೆ ಹತ್ತು ಎಕರೆ ಜಮೀನು ಎಂಬುದು ಲೆಕ್ಕ. ಆದರೆ ಮಳೆ ಕಡಿಮೆ ಬೀಳುವ ಈ ಕಲ್ಲುನೆಲದಲ್ಲಿ ಹತ್ತು ಎಕರೆ ನಂಬಿ ಬದುಕಲಾಗದು. ಬದುಕಬೇಕಾದರೆ ದನ ಸಾಕಬೇಕು, ದನಕ್ಕೆ ವಿಸ್ತಾರವಾದ ಹುಲ್ಲುಗಾವಲು ಬೇಕು. ಹೀಗಾಗಿ ಕುಟುಂಬಗಳು ಮೈಲಿಗಟ್ಟಲೆ ದೂರದ ರ‍್ಯಾಂಚ್‌ಗಳಿಗೆ ಚದುರಿದವು. ಸಂತೆಗೂ ಭಾನುವಾರದ ಪ್ರಾರ್ಥನೆಗೂ ಊರಿಗೆ ಬರಲೇಬೇಕು, ಗಾಡಿಯಲ್ಲಿ ಬಂದು ಅಂದೇ ಮರಳುವುದು ಆಗದ ಮಾತು. ಹೀಗೆ ಹುಟ್ಟಿಕೊಂಡದ್ದು ವಾರಕ್ಕೊಂದು ರಾತ್ರಿಯ ಮನೆ: ಕೆಳಗೊಂದು ಕೋಣೆ, ಮುಂದೊಂದು ಜಗಲಿ, ಮೇಲೆ ಅಟ್ಟ. ಎಷ್ಟೋ ಮನೆಗಳಲ್ಲಿ ಅಟ್ಟಕ್ಕೆ ಹತ್ತುವ ಮೆಟ್ಟಿಲು ಹೊರಗೋಡೆಗೇ ಅಂಟಿಕೊಂಡಿರುತ್ತದೆ, ಇದ್ದ ಒಂದೇ ಕೋಣೆಯ ಜಾಗವನ್ನು ಅದು ತಿನ್ನಬಾರದಲ್ಲ! ಮೋಟಾರು ಬಂದು ದೂರ ಕುಗ್ಗಿದಮೇಲೆ ಇಂಥ ಮನೆಯ ಅಗತ್ಯ ತಪ್ಪಿತು. ಹೊಲಕ್ಕೆ ನಡೆದೇ ಹೋಗಬಹುದಾದ ಹಳ್ಳಿಯಲ್ಲಿದ್ದ ಜರ್ಮನ್ ರೈತನಿಗೆ ಈ ಮನೆಯ ಕಲ್ಪನೆಯೂ ಬರುತ್ತಿರಲಿಲ್ಲ. ಇದು ಟೆಕ್ಸಾಸ್‌ನ ದೂರ, ಟೆಕ್ಸಾಸ್‌ನ ಹುಲ್ಲು ಕಟ್ಟಿಸಿದ ಮನೆ.

ಮನೆಗಳಷ್ಟೇ ಅಲ್ಲ, ಊರಿನ ನೆನಪುಗಳೂ ಹೀಗೆಯೇ ಬೆಳೆದಿವೆ. ಈಸ್ಟರ್ ಹಬ್ಬದ ಹಿಂದಿನ ರಾತ್ರಿ ಗುಡ್ಡಗಳ ಮೇಲೆ ಬೆಂಕಿ ಹಾಕುವ ಪದ್ಧತಿ ಉತ್ತರ ಜರ್ಮನಿಯಲ್ಲಿ ಬಹಳ ಹಳೆಯದು. ಫ್ರೆಡ್ರಿಕ್ಸ್‌ಬರ್ಗ್‌ಗೆ ಬಂದಮೇಲೆ ಆ ಬೆಂಕಿಗೆ ಬೇರೆಯೇ ಕತೆ ಹತ್ತಿಕೊಂಡಿತು. 1847ರಲ್ಲಿ ವಸಾಹತಿನ ಮುಖಂಡ ಜಾನ್ ಮೊಯ್ಸೆಬಾಖ್ ಅಲ್ಲಿನ ಮೂಲನಿವಾಸಿಗಳಾದ ಕೊಮಾಂಚಿಗಳ ಮುಖ್ಯಸ್ಥರೊಡನೆ ಒಪ್ಪಂದಕ್ಕೆ ಹೋಗಿದ್ದಾಗ ಗುಡ್ಡಗಳ ಮೇಲೆ ಕೊಮಾಂಚಿಗಳ ಸಂಕೇತದ ಬೆಂಕಿ ಉರಿಯುತ್ತಿತ್ತಂತೆ. ಹೆದರಿದ ಮಕ್ಕಳಿಗೆ ತಾಯಿಯೊಬ್ಬಳು, ಅದು ಈಸ್ಟರ್ ಮೊಲ ಮೊಟ್ಟೆಗಳಿಗೆ ಬಣ್ಣ ಕಾಯಿಸುತ್ತಿರುವ ಒಲೆ ಎಂದು ಹೇಳಿ ಸಮಾಧಾನಪಡಿಸಿದಳಂತೆ. ಹಳೆಯ ಆಚರಣೆ ಉಳಿಯಿತು, ಅದರ ಅರ್ಥ ಮಾತ್ರ ಪೂರ್ತಿ ಈ ಊರಿನದಾಯಿತು. ಹುಟ್ಟಿಗೇ ಬ್ಯಾರನ್ ಪದವಿ ಇದ್ದ ಮೊಯ್ಸೆಬಾಖ್ ಕೂಡ ಅದನ್ನು ಬಿಟ್ಟುಕೊಟ್ಟು ಬರಿಯ ಜಾನ್ ಆಗಿದ್ದ. ಆ ಒಪ್ಪಂದವನ್ನು ತಮ್ಮವರು ಮುರಿಯಲಿಲ್ಲವೆಂದು ಊರು ಇಂದಿಗೂ ಅಭಿಮಾನಪಡುತ್ತದೆ. ಆ ಅಭಿಮಾನಕ್ಕೆ ಆಧಾರವಿದೆ. ಆದರೆ 1875ರ ಹೊತ್ತಿಗೆ ಕೊನೆಯ ಕೊಮಾಂಚಿ ಗುಂಪುಗಳೂ ಸೈನ್ಯಕ್ಕೆ ಶರಣಾಗಿ ಮೀಸಲು ಪ್ರದೇಶ ಸೇರಬೇಕಾಯಿತೆಂಬುದೂ ನಿಜ. ಮಾತು ಉಳಿಸಿಕೊಂಡವರಿಗೆ ನೆಲ ಉಳಿಯಿತು, ಮಾತು ಪಡೆದವರಿಗೆ ಉಳಿಯಲಿಲ್ಲ. ಇದನ್ನು ಬಿಟ್ಟು ಹೇಳಿದ ಕತೆ ಪೂರ್ಣವಲ್ಲ.

ಹೊಸ ನೆಲಕ್ಕೆ ಈ ಜನ ಎಷ್ಟು ಸೇರಿಹೋಗಿದ್ದರೆಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಅವರ ರಾಜಕೀಯದಲ್ಲಿದೆ. 1861ರಲ್ಲಿ ಅಮೆರಿಕ ಒಕ್ಕೂಟದಿಂದ ಬೇರೆಯಾಗಬೇಕೇ ಎಂದು ಟೆಕ್ಸಾಸ್ ಮತ ಹಾಕಿದಾಗ ರಾಜ್ಯದ ಬಹುಮತ ಹೌದೆಂದಿತು. ಫ್ರೆಡ್ರಿಕ್ಸ್‌ಬರ್ಗ್ ಇರುವ ಗಿಲೆಸ್ಪಿ ಕೌಂಟಿಯಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಮಂದಿ ಬೇಡವೆಂದರು. ಗುಲಾಮಗಿರಿಯನ್ನು ಕಾಯಲು ಹೊರಟ ರಾಜ್ಯದಲ್ಲಿ ಹಾಗೆ ಹೇಳಿದ್ದಕ್ಕೆ ಅವರು ತೆತ್ತ ಬೆಲೆ ಸಣ್ಣದಲ್ಲ. 1862ರ ಆಗಸ್ಟ್ 10ರಂದು, ಮೆಕ್ಸಿಕೊ ಕಡೆಗೆ ಹೊರಟಿದ್ದ ಜರ್ಮನ್ ಮೂಲದ ಒಕ್ಕೂಟ ಬೆಂಬಲಿಗರ ಗುಂಪನ್ನು ನ್ಯೂಸೆಸ್ ನದಿಯ ಬಳಿ ಪ್ರತ್ಯೇಕತಾವಾದಿ ಪಡೆ ಮುತ್ತಿ ಹಲವರನ್ನು ಕೊಂದಿತು; ಗಾಯಗೊಂಡು ಸೆರೆಸಿಕ್ಕವರನ್ನೂ ಬಿಡಲಿಲ್ಲ. ಅಂತರ್ಯುದ್ಧ ಮುಗಿದಮೇಲೆ, 1866ರಲ್ಲಿ, ಪಕ್ಕದ ಕಂಫರ್ಟ್ ಊರಿನಲ್ಲಿ ಅವರಿಗಾಗಿ ಸ್ಮಾರಕ ಎದ್ದಿತು. ಅದರ ಮೇಲಿನ ಬರಹ ಜರ್ಮನ್ ಭಾಷೆಯದು, ಅದು ಸಾರುವ ನಿಷ್ಠೆ ಅಮೆರಿಕಕ್ಕೆ. ಬಿಯರ್ ಮಗ್ಗು, ತೊಗಲಿನ ಚಡ್ಡಿಗಳ ಚಿತ್ರದಲ್ಲಿ ಈ ಸ್ಮಾರಕಕ್ಕೆ ಜಾಗವೇ ಇಲ್ಲದಿರುವುದು ನನ್ನನ್ನು ನೋಯಿಸುತ್ತದೆ.

ಇದಕ್ಕೆ ಒಂದು ಆಕ್ಷೇಪ ಬರುತ್ತದೆ, ಅದರಲ್ಲಿ ಹುರುಳೂ ಇದೆ. ಪ್ರವಾಸಿಗರು ಬಯಸುವುದು ಜರ್ಮನಿಯ ಸೊಗಡನ್ನೇ. ಅವರು ತರುವ ಹಣವೇ ಹಳೆಯ ಕಟ್ಟಡಗಳನ್ನು ಉಳಿಸಿದೆ. ಸಂಡೇ ಹೌಸ್‌ಗಳಲ್ಲಿ ಕೆಲವು ಇಂದು ಅತಿಥಿಗೃಹಗಳಾಗಿರುವುದರಿಂದಲೇ ನಿಂತಿವೆ. ಒಪ್ಪುತ್ತೇನೆ. ಊರು ಬರಿಯ ಅಭಿಮಾನದಿಂದ ತನ್ನ ಗುರುತನ್ನು ಕಾಯಲಾರದು ಎಂಬುದಕ್ಕೆ ಇಲ್ಲಿಯೇ ಉದಾಹರಣೆಯಿದೆ. 1847ರಲ್ಲಿ ಕಟ್ಟಿದ ಎಂಟು ಮೂಲೆಯ ‘ಫೆರೈನ್ಸ್ ಕಿರ್ಖೆ’ ಎಲ್ಲ ಪಂಗಡಗಳಿಗೂ ಚರ್ಚಾಗಿ, ಶಾಲೆಯಾಗಿ, ಸಭಾಭವನವಾಗಿ ಒದಗಿತ್ತು. ಊರಿನ ಐವತ್ತನೇ ವರ್ಷದ ಸಂಭ್ರಮ ಮುಗಿಯುತ್ತಲೇ ಅದನ್ನು ಕೆಡವಿದರು. ಇಂದು ಮಾರುಕಟ್ಟೆ ಚೌಕದಲ್ಲಿ ಕಾಣುವುದು 1930ರ ದಶಕದ ಪ್ರತಿರೂಪ. ಆದರೆ ಬರಿಯ ಸೊಗಡನ್ನೇ ಮಾರುವುದಾದರೆ ಅದಕ್ಕೆ ಜರ್ಮನ್ನರೇ ಬೇಕಿಲ್ಲ. ಜಾರ್ಜಿಯಾ ರಾಜ್ಯದ ಹೆಲೆನ್ ಎಂಬ ಊರು ಮರದ ಉದ್ಯಮ ನಿಂತುಹೋಗಿ ಸೊರಗಿದ್ದಾಗ, 1969ರ ಸುಮಾರಿಗೆ ಅಲ್ಲಿನ ವ್ಯಾಪಾರಿಗಳು ಅಂಗಡಿಗಳಿಗೆಲ್ಲ ಬವೇರಿಯಾದ ಮುಖ ತೊಡಿಸಿದರು, ಪ್ರವಾಸಿಗರೂ ಬಂದರು. ಹೆಲೆನ್ ಮಾಡಿದ್ದು ಅಪರಾಧವಲ್ಲ, ಊರಿನ ಹೊಟ್ಟೆಪಾಡು. ಆದರೆ ಸೊಗಡೊಂದೇ ಅಳತೆಗೋಲಾದರೆ ಹೆಲೆನ್‌ಗೂ ಫ್ರೆಡ್ರಿಕ್ಸ್‌ಬರ್ಗ್‌ಗೂ ಅಂತರವೇ ಉಳಿಯುವುದಿಲ್ಲ. ಅಂತರ ಇರುವುದು ಆ ಹೊರಮೆಟ್ಟಿಲಿನಲ್ಲಿ, ಗುಡ್ಡದ ಬೆಂಕಿಯ ಕತೆಯಲ್ಲಿ, 1861ರ ಮತದಲ್ಲಿ.

ಎರಡನೆಯ ಆಕ್ಷೇಪ ಭಾಷೆಯದು. ಟೆಕ್ಸಾಸ್‌ನಲ್ಲೇ ರೂಪುಗೊಂಡ ಜರ್ಮನ್ ನುಡಿಯೊಂದಿತ್ತು. ಬೇರೆ ಬೇರೆ ಪ್ರಾಂತ್ಯಗಳಿಂದ ಬಂದವರ ಮಾತು ಬೆರೆತು, ಇಂಗ್ಲಿಷನ್ನೂ ಸೇರಿಸಿಕೊಂಡು ಬೆಳೆದ ನುಡಿ ಅದು. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನ್ ವಿರೋಧಿ ಅಲೆ ಎದ್ದು, 1918ರಲ್ಲಿ ಶಾಲೆಗಳಲ್ಲಿ ಇಂಗ್ಲಿಷ್ ಮಾತ್ರ ಎಂಬ ಕಾನೂನು ಬಂತು. ಎರಡನೆಯ ಯುದ್ಧದ ನಂತರ ತಂದೆತಾಯಂದಿರು ಮಕ್ಕಳಿಗೆ ಅದನ್ನು ಕಲಿಸುವುದನ್ನೇ ಬಿಟ್ಟರು. ಹೊಂದಿಕೊಂಡದ್ದರ ಫಲ ಇದೇ ಅಲ್ಲವೇ ಎಂದು ಕೇಳಬಹುದು. ಅಲ್ಲ. ಹೊಂದಿಕೊಂಡ ನುಡಿ ನೂರು ವರ್ಷ ಬಾಳಿತು. ಅದನ್ನು ಒಣಗಿಸಿದ್ದು ಕಾನೂನು ಮತ್ತು ಅಂಜಿಕೆ. ಮನೆಯಲ್ಲಿ ಕನ್ನಡ, ಹೊರಗೆ ಇಂಗ್ಲಿಷ್ ಎಂದು ಮಕ್ಕಳನ್ನು ಬೆಳೆಸುತ್ತಿರುವ ಆಸ್ಟಿನ್‌ನ ನಮ್ಮವರು ಈ ಭಾಗವನ್ನು ಗಮನವಿಟ್ಟು ತಿಳಿಯಬೇಕೆಂಬುದು ನನ್ನ ಆಸೆ. ಟೆಕ್ಸಾಸ್ ವಿಶ್ವವಿದ್ಯಾಲಯದ ಹಾನ್ಸ್ ಬೋಆಸ್ 2001ರಲ್ಲಿ ಆರಂಭಿಸಿದ ಯೋಜನೆ ಆ ನುಡಿಯ ನೂರಾರು ಭಾಷಿಕರ ದನಿಯನ್ನು ಸಂಗ್ರಹಿಸಿದೆ, ಅದು ನಮ್ಮವರಿರುವ ಆಸ್ಟಿನ್‌ನಲ್ಲೇ ಇದೆ. ಹೊರಡುವ ಮುನ್ನ ಅದರಲ್ಲಿ ಅರ್ಧ ಗಂಟೆಯಾದರೂ ಕೇಳಲಿ. ಊರು ತಲುಪಿದಮೇಲೆ ಮೊದಲು ಪಯೊನಿಯರ್ ಮ್ಯೂಸಿಯಮ್ಮಿಗೆ ಹೋಗಿ 1904ರ ವೆಬರ್ ಸಂಡೇ ಹೌಸ್ ನೋಡಲಿ. ಪೀಚ್ ಕೊಳ್ಳುವುದು ಆಮೇಲೆಯೂ ಆದೀತು. ಹೊತ್ತು ಉಳಿದರೆ ದಕ್ಷಿಣಕ್ಕೆ ಕಂಫರ್ಟ್‌ವರೆಗೂ ಹೋಗಿಬರಲಿ, ಅಲ್ಲಿನ ಸ್ಮಾರಕವಿರುವುದು ಇಪ್ಪತ್ತೈದು ಮೈಲಿಯೊಳಗೆ.