ನೆಗೆಟಿವ್ ಯಾರ ಹತ್ತಿರ ಇದೆ?

ನನಗೆ ಯಂತ್ರಗಳ ಹುಚ್ಚು. ಜಗಳೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟರಾಗಿ ನಿವೃತ್ತನಾದವನು ನಾನು. ಜೊತೆಯವರು ನಿವೃತ್ತಿಯ ಹಣದಲ್ಲಿ ಸೈಟು ಕೊಂಡರು. ನಾನು ಹಳೆಯ ಕಂಪ್ಯೂಟರು, ಕೆಟ್ಟ ಕ್ಯಾಮೆರಾ, ಯಾರೋ ಬಿಸಾಡಿದ ಪ್ರಿಂಟರು ತಂದು ಮನೆ ತುಂಬಿಸಿದೆ. "ಗುಜರಿಯವನು ಬಂದ್ರೆ ನಿಮ್ಮನ್ನೂ ಸೇರಿಸಿ ತೂಕಕ್ಕೆ ಹಾಕ್ತೀನಿ" ಅಂತ ನಮ್ಮ ಮನೆಯಾಕೆ ಬೈಯುತ್ತಾಳೆ. ಆಕೆ ಬೈಯುವುದು ನ್ಯಾಯವೇ. ಆದರೆ ಈ ಹುಚ್ಚು ಎಲ್ಲಿಂದ ಹತ್ತಿತು ಎಂಬುದನ್ನು ನಾನು ಆಕೆಗೂ ಪೂರ್ತಿ ಹೇಳಿರಲಿಲ್ಲ. ಇಲ್ಲಿ ಹೇಳುತ್ತೇನೆ.

1983ರ ಮಾತು. ನಾನಾಗ ಹಾಸ್ಟೆಲ್ಲಿನ ಅನ್ನ ತಿಂದು ಓದುತ್ತಿದ್ದೆ. ಜಗಳೂರು ಆಗ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಜಿಲ್ಲೆ ಯಾವುದಾದರೇನು, ಬರ ನಮ್ಮ ತಾಲ್ಲೂಕಿನ ಖಾಯಂ ನೆಂಟ. ಅವ್ವ ಶೇಂಗಾ ಕೀಳುವುದಕ್ಕೆ, ಮಣ್ಣು ಹೊರುವುದಕ್ಕೆ, ಸುಣ್ಣ ಬಳಿಯುವುದಕ್ಕೆ, ಯಾರು ಕರೆದರೆ ಅಲ್ಲಿಗೆ ಕೂಲಿಗೆ ಹೋಗುತ್ತಿದ್ದಳು. ಹಾಸ್ಟೆಲ್ಲಿನ ಗೆಳೆಯನೊಬ್ಬನ ಹತ್ತಿರ ಅಗ್ಫಾ ಕ್ಲಿಕ್ ಥ್ರೀ ಕ್ಯಾಮೆರಾ ಇತ್ತು. ಒಂದು ಕಪ್ಪು ಡಬ್ಬಿ, ಒತ್ತೋಕೆ ಒಂದು ಗುಂಡಿ, ಬಿಸಿಲಿಗೊಂದು ಮೋಡಕ್ಕೊಂದು ಗುರುತು. ಒಂದು ರೋಲಿಗೆ ಹನ್ನೆರಡು ಚಿತ್ರ. ರೋಲಿನ ಬೆಲೆ ಅವ್ವನ ಮೂರು ದಿನದ ಕೂಲಿ. ನಾಲ್ಕು ಜನ ದುಡ್ಡು ಕೂಡಿಸಿ ಒಂದು ರೋಲು ತಂದೆವು. ಹನ್ನೊಂದು ಚಿತ್ರ ಗೆಳೆಯರ ಕ್ರಾಪಿಗೆ, ಬೆಲ್‌ಬಾಟಮ್ಮಿಗೆ ಖರ್ಚಾದವು. ಹನ್ನೆರಡನೆಯದನ್ನು ಜಗಳ ಮಾಡಿ ಉಳಿಸಿಕೊಂಡು ನಾನು ಊರಿಗೆ ಹೋದೆ.

ಅವ್ವ ಅವತ್ತು ಊರ ಶಾಲೆಗೆ ಸುಣ್ಣ ಬಳಿಯುತ್ತಿದ್ದಳು. "ಮುಖ ತೊಳ್ಕಂಡು ಬರ್ತೀನಿ ತಡಿಯಪ್ಪಾ" ಅಂದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ತಾನೇ ಬಳಿದ ಬಿಳಿ ಗೋಡೆಯ ಮುಂದೆ ಬಂದು ನಿಂತಳು. ನಡುಮಧ್ಯಾಹ್ನ. ಬಿಸಿಲಿದೆಯಲ್ಲ ಎಂದು ಬಿಸಿಲಿನ ಗುರುತಿಗೆ ಇಟ್ಟು ಗುಂಡಿ ಒತ್ತಿದೆ.

ಹದಿನೈದು ದಿನ ಬಿಟ್ಟು ಪೇಟೆಯ ಒಂದು ಸ್ಟುಡಿಯೋದಿಂದ ಪ್ರಿಂಟು ಬಂತು. ಗೋಡೆ ಚೆನ್ನಾಗಿ ಬಂದಿತ್ತು. ಸೀರೆಯ ಅಂಚು ಬಂದಿತ್ತು. ಮುಖ ಇರಬೇಕಾದ ಜಾಗದಲ್ಲಿ ಒಂದು ಕಪ್ಪು ಕಲೆ. ಕಣ್ಣಿಲ್ಲ, ಮೂಗಿಲ್ಲ, ನಗು ಇಲ್ಲ. ನಾನು ಕೇಳಿದ್ದಕ್ಕೆ ಸ್ಟುಡಿಯೋದವನು ತಲೆ ಎತ್ತದೆ ಹೇಳಿದ: "ಕರೇ ಮಂದಿ ಫೋಟೋ ಹಿಂಗೇ ಬರೋದು ಕಣಪ್ಪಾ. ಫಿಲಂ ಏನು ಮಾಡುತ್ತೆ?"

ನಾನು ನಂಬಿದೆ. ಅದೇ ಇವತ್ತಿಗೂ ನಾಚಿಕೆ. ಹುಟ್ಟಿದಾಗಿನಿಂದ ನಮ್ಮ ಬಣ್ಣ, ನಮ್ಮ ಮಾತು, ನಮ್ಮ ಊಟ ಎಲ್ಲದರಲ್ಲೂ ತಪ್ಪಿದೆ ಅಂತ ಕೇಳಿಕೊಂಡು ಬೆಳೆದವನಿಗೆ ಇದೂ ಒಂದು ತಪ್ಪು ಅನ್ನಿಸಿತು. ಅವ್ವನಿಗೆ ಫೋಟೋ ತೋರಿಸಲಿಲ್ಲ. "ಫಿಲಂ ಸುಟ್ಟೋಯ್ತು ಅವ್ವಾ" ಅಂತ ಸುಳ್ಳು ಹೇಳಿದೆ. ಮೂರು ವರ್ಷಕ್ಕೆ ಅವ್ವ ತೀರಿಕೊಂಡಳು. ಬೇರೆ ಫೋಟೋ ಇಲ್ಲ. ಫೋಟೋ ಇರುವ ಮತದಾರರ ಗುರುತಿನ ಚೀಟಿ ಶುರುವಾದದ್ದು 1993ರಲ್ಲಿ. ಸರ್ಕಾರದ ಕಾಗದದಲ್ಲೂ ನಮ್ಮವ್ವನ ಮುಖ ಎಲ್ಲೂ ಇಲ್ಲ. ಮನೆಯ ಗೋಡೆಯ ಮೇಲೆ ಬಾಬಾಸಾಹೇಬರ ಪಟ ಇತ್ತು. ಪಕ್ಕದಲ್ಲಿ ಅವ್ವನದನ್ನು ಹಾಕಲು ಮುಖವೇ ಇರಲಿಲ್ಲ.

ನೌಕರಿ ಸಿಕ್ಕ ಮೇಲೆ ನಾನು ಮಾಡಿದ ಮೊದಲ ದಂಡದ ಖರ್ಚು ಒಂದು ಹಳೆಯ ಕ್ಯಾಮೆರಾ. ಎರಡನೆಯದು ಒಂದು ಕೆಂಪು ಬಲ್ಬು, ಮೂರು ತಟ್ಟೆ, ಡೆವಲಪರ್ ಪೊಟ್ಟಣ, ಹೈಪೋ. ರಾತ್ರಿ ಅಡುಗೆಮನೆಯ ಕಿಟಕಿಗೆ ಕಂಬಳಿ ಕಟ್ಟಿ ಅದನ್ನೇ ಕತ್ತಲೆಕೋಣೆ ಮಾಡುತ್ತಿದ್ದೆ. ಸ್ಟುಡಿಯೋದವನ ಮಾತು ಸುಳ್ಳೆಂದು ನನಗೆ ತಿಳಿದದ್ದು ಅಲ್ಲಿ.

ಫಿಲಮ್ಮಿನ ಮೇಲೆ ಬೆಳ್ಳಿಯ ಲವಣದ ಲೇಪ ಇರುತ್ತದೆ. ಬೆಳಕು ಬಿದ್ದ ಕಡೆ ಡೆವಲಪರ್ ಅದನ್ನು ಕಪ್ಪು ಬೆಳ್ಳಿಯಾಗಿ ನಿಲ್ಲಿಸುತ್ತದೆ. ಬೆಳಕು ಬೀಳದ ಕಡೆಯ ಲವಣ ಹೈಪೋದಲ್ಲಿ ಕರಗಿ ಹೋಗುತ್ತದೆ. ಅದಕ್ಕೇ ನೆಗೆಟಿವಿನಲ್ಲಿ ಬಿಳಿಯದು ಕಪ್ಪಾಗಿ, ಕಪ್ಪಾದದ್ದು ಬಿಳಿಯಾಗಿ ಕಾಣುವುದು. ಲೋಕವೆಲ್ಲ ತಲೆಕೆಳಗಾಗುವ ಜಾಗ ಅದೊಂದೇ ಅಂತ ನಾನು ಮಕ್ಕಳಿಗೆ ತಮಾಷೆ ಮಾಡುತ್ತಿದ್ದೆ. ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲಿದ್ದಾಗ ಸೆರಗಿನ ನೆರಳು ಪೂರ್ತಿ ಅವ್ವನ ಮುಖದ ಮೇಲೆ ಬಿದ್ದಿತ್ತು. ನಾನು ಬಿಸಿಲಿನ ಗುರುತಿಗೆ ಇಟ್ಟು ಒಳಬರುವ ಬೆಳಕನ್ನು ಇನ್ನೂ ಕಡಿಮೆ ಮಾಡಿದ್ದೆ. ಹಿಂದಿನ ಗೋಡೆ ಕಣ್ಣು ಕುಕ್ಕುವಷ್ಟು ಬಿಳಿ. ಪ್ರಿಂಟು ಹಾಕಿದವನು ಆ ಗೋಡೆಯನ್ನು ನೋಡಿ ಬೆಳಕು ಲೆಕ್ಕ ಹಾಕಿದ್ದ. ಅವ್ವನ ಮುಖದ ಜಾಗದಲ್ಲಿ ನಿಲ್ಲಬೇಕಾದ ಬೆಳ್ಳಿ ಹೈಪೋದಲ್ಲಿ ತೊಳೆದುಹೋಯಿತು.

ತಪ್ಪು ಅವ್ವನ ಬಣ್ಣದ್ದಲ್ಲ, ನನ್ನದು. ಅವಳನ್ನು ಬಾಗಿಲ ನೆರಳಲ್ಲಿ, ಮುಖ ಬಯಲ ಕಡೆ ಮಾಡಿ ನಿಲ್ಲಿಸಿ, ಮೋಡದ ಗುರುತಿಗೆ ಇಟ್ಟಿದ್ದರೆ ಮುಖ ಬರುತ್ತಿತ್ತು. ಕರೇ ಮುಖಕ್ಕೆ ಬೇಕಾದಷ್ಟು ಬೆಳಕು ಕೊಟ್ಟರೆ ಫಿಲಮ್ಮು ಬೇಡ ಅನ್ನುವುದಿಲ್ಲ. ಕೊಡುವವರು ಕೊಡಬೇಕು.

ಆಮೇಲೆ ಓದುತ್ತಾ ಹೋದಂತೆ ಇದು ನನ್ನೊಬ್ಬನ ತಪ್ಪಿನ ಕಥೆಯೂ ಅಲ್ಲ ಅಂತ ಗೊತ್ತಾಯಿತು. ಅಮೆರಿಕದ ಕೊಡಾಕ್ ಕಂಪನಿ ಬಣ್ಣದ ಪ್ರಿಂಟು ಸರಿಹೊಂದಿಸಿಕೊಳ್ಳಲು ಲ್ಯಾಬುಗಳಿಗೆ ಒಂದು ಮಾದರಿ ಚಿತ್ರ ಕಳಿಸುತ್ತಿತ್ತು. ಅದರಲ್ಲಿ ಇರುತ್ತಿದ್ದವಳು ಬಿಳಿ ಹೆಂಗಸು. 'ಶರ್ಲಿ ಕಾರ್ಡ್' ಅಂತ ಅದರ ಹೆಸರು. ಅವಳ ಮೈಬಣ್ಣ ಸರಿ ಬಂದರೆ ಎಲ್ಲ ಸರಿ ಬಂದ ಹಾಗೆ! ಕಂದು ಬಣ್ಣದ ಛಾಯೆಗಳು ಸರಿಯಾಗಿ ಬರುತ್ತಿಲ್ಲ ಅಂತ ಕಂಪನಿಗೆ ಒತ್ತಾಯ ತಂದವರಲ್ಲಿ ಚಾಕೊಲೇಟ್ ಮಾಡುವವರೂ ಮರದ ಕುರ್ಚಿ ಮೇಜು ಮಾರುವವರೂ ಇದ್ದರಂತೆ. ಲೋರ್ನಾ ರಾತ್ ಎಂಬ ಸಂಶೋಧಕಿ ಇದನ್ನು ಬರೆದಿದ್ದಾರೆ. ಚಾಕೊಲೇಟಿಗೆ ಸಿಕ್ಕ ಮರ್ಯಾದೆ ಕಪ್ಪು ಮನುಷ್ಯನಿಗೆ ಬೇಗ ಸಿಗಲಿಲ್ಲ. ಯಂತ್ರಕ್ಕೆ ಜಾತಿ ಇಲ್ಲ ಅನ್ನುತ್ತಾರೆ. ನಿಜ ಇರಬಹುದು. ಆದರೆ ಯಂತ್ರ ಮಾಡುವವನ ಎದುರಿಗೆ ಯಾರ ಮುಖ ಇತ್ತು ಅನ್ನುವುದು ಯಂತ್ರದ ಒಳಗೆ ಹೋಗಿ ಕೂತಿರುತ್ತದೆ.

ಈಗ ಕಂಪ್ಯೂಟರಿನ ವಿಚಾರ. ನಾನು ಮೊದಲು ಕಲಿತದ್ದು 'ನುಡಿ'ಯಲ್ಲಿ ಕನ್ನಡ ಒತ್ತುವುದನ್ನು. ಕೆ.ಪಿ. ರಾವ್ ಅವರು ಹಾಕಿಕೊಟ್ಟ ಕೀಲಿಮಣೆಯ ಜಾಡು ಅದು. ಎ, ವಿ, ಎಫ್, ವಿ — ನಾಲ್ಕು ಕೀಲಿ ಒತ್ತಿದರೆ 'ಅವ್ವ' ಅಂತ ಮೂಡುತ್ತದೆ. ಅವತ್ತು ಒಂದು ಪುಟ ಪೂರ್ತಿ ಅದನ್ನೇ ಒತ್ತಿದೆ. ಹೆಬ್ಬೆಟ್ಟು ಒತ್ತುತ್ತಿದ್ದವಳ ಮಗ ಕೀಲಿ ಒತ್ತುತ್ತಿದ್ದೇನೆ ಅನ್ನುವ ಹೆಮ್ಮೆ.

ಮುಂದೆ ಗಿಂಪ್ ಅನ್ನುವ ತಂತ್ರಾಂಶ ಕಲಿತೆ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ, ಯಾರು ಬೇಕಾದರೂ ಬಳಸಬಹುದು. ಪೆಟ್ಟಿಗೆಯ ತಳದಲ್ಲಿದ್ದ ಅವ್ವನ ನೆಗೆಟಿವ್ ತೆಗೆದೆ. ಫೋನಿನ ಪರದೆಯನ್ನು ಬೆಳ್ಳಗೆ ಬೆಳಗಿಸಿ, ಮೇಲೆ ಹಾಲುಬಣ್ಣದ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ನೆಗೆಟಿವ್ ಇಟ್ಟು ಇನ್ನೊಂದು ಕ್ಯಾಮೆರಾದಲ್ಲಿ ಚಿತ್ರ ತೆಗೆದೆ. ಕಂಪ್ಯೂಟರಿನಲ್ಲಿ ಅದನ್ನು ತಿರುವಿ ಹಾಕಿದರೆ ಪಾಸಿಟಿವ್. ಕಂಪ್ಯೂಟರಿಗೆ ಚಿತ್ರ ಎಂದರೆ ಬರೀ ಅಂಕಿ. ಪೂರ್ತಿ ಕಪ್ಪಿಗೆ 0, ಪೂರ್ತಿ ಬಿಳಿಗೆ 255. ಗೋಡೆಗೆ 250ರ ಆಸುಪಾಸು ಸಿಕ್ಕಿತ್ತು. ಅವ್ವನ ಮುಖಕ್ಕೆ 5, 6, 7. ಎಷ್ಟು ಎಳೆದರೂ ಮರಳಿನಂಥ ಚುಕ್ಕಿಗಳು ಎದ್ದವೇ ಹೊರತು ಕಣ್ಣು ಏಳಲಿಲ್ಲ. ನೆಗೆಟಿವಿನಲ್ಲಿ ಇಲ್ಲದ್ದು ಪ್ರಿಂಟಿನಲ್ಲಿ ಬರುವುದಿಲ್ಲ.

ನನ್ನ ಒದ್ದಾಟ ನೋಡಿ ಮಗಳು ಅಂದಳು: "ಅಪ್ಪಾ, ಈಗ ಎ.ಐ. ಬಂದೈತೆ, ಒಂದು ನಿಮಿಷದ ಕೆಲಸ." ಅವಳ ಫೋನಿಗೆ ಚಿತ್ರ ಕೊಟ್ಟೆ. ಒಂದು ನಿಮಿಷವೂ ಬೇಕಾಗಲಿಲ್ಲ. ಸೆರಗಿನ ಕೆಳಗೆ ಒಬ್ಬ ಹೆಂಗಸು ನಗುತ್ತಿದ್ದಳು. ದೊಡ್ಡ ಕಣ್ಣು, ನೀಟಾದ ಮೂಗು, ಗೋಧಿಬಣ್ಣ. ಮಗಳು ಖುಷಿಯಿಂದ "ಅಜ್ಜಿ ಎಷ್ಟು ಚೆಂದ ಇದ್ಲಲ್ಲಪ್ಪಾ" ಅಂದಳು. ನನಗೆ ಹೊಟ್ಟೆಯಲ್ಲಿ ಸಂಕಟ. ಇವಳು ಯಾರು? ಸಾವಿರಾರು ಬೇರೆ ಮುಖಗಳನ್ನು ನೋಡಿ ಕಲಿತ ಯಂತ್ರ, ಖಾಲಿ ಜಾಗಕ್ಕೆ ತನಗೆ ತೋಚಿದ ಮುಖ ಅಂಟಿಸಿತ್ತು. ಸ್ಟುಡಿಯೋದವನು ಅವ್ವನ ಮುಖ ಇಲ್ಲ ಅಂದಿದ್ದ. ಇದು ಬೇರೆಯವಳ ಮುಖ ಹಾಕಿ ಇವಳೇ ನಿಮ್ಮವ್ವ ಅನ್ನುತ್ತಿದೆ. "ಅಳಿಸಮ್ಮಾ" ಅಂದೆ. ಮಗಳಿಗೆ ಬೇಜಾರಾಯಿತು. ಆದರೂ ಅಳಿಸಿದಳು.

ಅವತ್ತು ರಾತ್ರಿ ಮತ್ತೆ ಆ ಚಿತ್ರವನ್ನು ದೊಡ್ಡದು ಮಾಡಿ ನೋಡುತ್ತಾ ಕೂತೆ. ಮುಖವನ್ನೇ ಹುಡುಕುತ್ತಿದ್ದವನು ನಲವತ್ತು ವರ್ಷ ಕೈಗಳನ್ನು ನೋಡಿರಲಿಲ್ಲ. ಕೈಗಳು ಬಿಸಿಲಿನಲ್ಲಿದ್ದವು. ಬೆರಳ ಸಂದಿಯಲ್ಲಿ ಮೆತ್ತಿದ ಸುಣ್ಣ, ಸುಣ್ಣ ತಿಂದು ಬಿರಿದ ಗೆಣ್ಣು, ಬಾಗಿದ ಕಿರುಬೆರಳು, ನಾಲ್ಕು ಗಾಜಿನ ಬಳೆ. ಎಲ್ಲ ಇತ್ತು. ಆ ಕಿರುಬೆರಳು ಅವ್ವನದೇ. ಯಾವ ಯಂತ್ರವೂ ಅದನ್ನು ಊಹಿಸಿ ಬರೆಯಲಾರದು. ಕೈಗಳನ್ನಷ್ಟೇ ಪ್ರಿಂಟು ಹಾಕಿಸಿ ಬಾಬಾಸಾಹೇಬರ ಪಕ್ಕ ತೂಗುಹಾಕಿದ್ದೇನೆ.

ಇದನ್ನೆಲ್ಲ ಹೇಳುತ್ತಿರುವುದು ಅಳುವುದಕ್ಕಲ್ಲ. ಮೂಲ ಕಳೆದುಕೊಂಡರೆ ಏನಾಗುತ್ತದೆ ಅಂತ ನನಗೆ ಇನ್ನೊಂದು ಸಲ ಪೆಟ್ಟು ಬಿತ್ತು. ಕೆಲವು ವರ್ಷದ ಹಿಂದೆ ಒಂದು ಚಹಾ ಅಂಗಡಿಯಲ್ಲಿ ಊರವರಿಗೆ ಗಾಜಿನ ಲೋಟ, ನಮ್ಮ ಕೇರಿಯವರಿಗೆ ಪ್ಲಾಸ್ಟಿಕ್ ಲೋಟ ಕೊಡುತ್ತಿದ್ದುದನ್ನು ಫೋನಿನಲ್ಲಿ ಹಿಡಿದೆ. ಅಸ್ಪೃಶ್ಯತೆಯ ಆಚರಣೆ ಅಪರಾಧ ಅಂತ 1955ರ ಕಾಯ್ದೆ ಇದೆ, 1989ರ ದೌರ್ಜನ್ಯ ತಡೆ ಕಾಯ್ದೆಯೂ ಇದೆ. ಫೋಟೋವನ್ನು ವಾಟ್ಸಪ್ಪಿನಲ್ಲಿ ನಾಲ್ಕು ಗುಂಪಿಗೆ ಕಳಿಸಿ, ಫೋನು ತುಂಬಿತೆಂದು ಮೂಲವನ್ನು ಅಳಿಸಿಬಿಟ್ಟೆ. ದೂರು ಕೊಡಲು ಹೋದಾಗ ಕೇಳಿದರು: "ಒರಿಜಿನಲ್ ಎಲ್ಲಿ? ಯಾವತ್ತು ತೆಗೆದದ್ದು? ಇದು ಇದೇ ಅಂಗಡಿ ಅಂತ ಹೆಂಗೆ ನಂಬೋದು?" ವಾಟ್ಸಪ್ಪು ಚಿತ್ರವನ್ನು ಕುಗ್ಗಿಸಿ ಕಳಿಸುತ್ತದೆ, ತೆಗೆದ ದಿನಾಂಕ, ಗಂಟೆ, ಕ್ಯಾಮೆರಾದ ಗುರುತು ಎಲ್ಲವನ್ನೂ ಕಿತ್ತುಹಾಕುತ್ತದೆ. ನಾನೇ ನಮ್ಮ ಸಾಕ್ಷಿಯನ್ನು ಹೈಪೋದಲ್ಲಿ ತೊಳೆದಿದ್ದೆ.

ಅದಕ್ಕೇ ಗೆಳೆಯರಿಗೆ ಹೇಳುವುದು. ಇಂಥದ್ದನ್ನು ಚಿತ್ರಿಸಿದರೆ ಮೂಲ ಫೈಲನ್ನು ಮುಟ್ಟಬೇಡಿ, ತಿದ್ದಬೇಡಿ, ಅಳಿಸಬೇಡಿ. ಬೇರೆಯವರಿಗೆ ಕಳಿಸುವುದಿದ್ದರೆ ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ. ಎರಡು ಕಡೆ ನಕಲು ಇಡಿ. ತೆಗೆದವರು ಯಾರು, ಯಾವಾಗ, ಎಲ್ಲಿ ಎಂದು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಿಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಂಥ ಸಾಕ್ಷ್ಯಕ್ಕೆ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ 'ಹ್ಯಾಷ್' ಸಂಖ್ಯೆ ಬರೆಯಬೇಕು. ಹ್ಯಾಷ್ ಎಂದರೆ ಫೈಲಿನ ಹೆಬ್ಬೆಟ್ಟು. ಒಂದು ಚುಕ್ಕಿ ತಿದ್ದಿದರೂ ಅದು ಬದಲಾಗುತ್ತದೆ.

ನಮ್ಮ ತಾಲ್ಲೂಕಿಗೆ ಕ್ಯಾಮೆರಾ ಹೊತ್ತು ಬರುವವರು ಇಲ್ಲದಿಲ್ಲ. 2011ರಲ್ಲಿ ರಂಗಯ್ಯನದುರ್ಗದ ಕಾಡು ಕೊಂಡುಕುರಿಯ ಅಭಯಾರಣ್ಯವಾಯಿತು. ನಾಲ್ಕು ಕೊಂಬಿನ ಆ ಪ್ರಾಣಿಯನ್ನು ಹುಡುಕಿ ಉದ್ದುದ್ದ ಲೆನ್ಸಿನವರು ಬರುತ್ತಾರೆ. ಬರಲಿ, ಕೊಂಡುಕುರಿ ಉಳಿಯಬೇಕು. ಕೇರಿಯ ಕಡೆ ಆ ಲೆನ್ಸು ತಿರುಗಿದ್ದನ್ನು ಮಾತ್ರ ನಾನು ಕಂಡಿಲ್ಲ. ಕೇರಿಯವರ ಫೋಟೋ ತೆಗೆದದ್ದು ಹಾಜರಿಗೆ. 2023ರ ಜನವರಿ 1ರಿಂದ ಉದ್ಯೋಗ ಖಾತ್ರಿಯ ಕೆಲಸದಲ್ಲಿ ದಿನಕ್ಕೆ ಎರಡು ಸಲ ಕೂಲಿಕಾರರ ಫೋಟೋವನ್ನು ಮೊಬೈಲ್ ಆ್ಯಪ್‌ನಲ್ಲಿ ಏರಿಸುವುದು ಕಡ್ಡಾಯವಾಯಿತು. ನೆಟ್‌ವರ್ಕ್ ಇಲ್ಲದ ಕಡೆ ಮಣ್ಣು ಹೊತ್ತವರೂ ಗೈರುಹಾಜರಾದರು. ಮುಖ ನಮ್ಮದು, ಬೆವರು ನಮ್ಮದು, ಫೋಟೋ ಮಾತ್ರ ಎಲ್ಲೋ ದೂರದ ಕಂಪ್ಯೂಟರಿನಲ್ಲಿ. ಒಂದು ಪ್ರತಿ ಕೂಲಿಕಾರರ ಕೈಗೆ ಬರಲಿಲ್ಲ.

ಹಾಗಾಗಿ ನಾನು ಈಗ ಬೇರೆ ಕೆಲಸ ಹಿಡಿದಿದ್ದೇನೆ. ಬೆಳಗಿನ ಹೊತ್ತು ಕೇರಿಗೆ ಹೋಗಿ, ಮುದುಕಿಯರನ್ನು ಬಾಗಿಲ ನೆರಳಲ್ಲಿ ಕೂರಿಸಿ ಫೋಟೋ ತೆಗೆಯುತ್ತೇನೆ. ಬಿಳಿ ಗೋಡೆ ಬೇಡ. ಸೆರಗನ್ನು ಸ್ವಲ್ಪ ಹಿಂದೆ ಸರಿಸಿಕೊಳ್ಳಿ ಅನ್ನುತ್ತೇನೆ. ಫೋನಾದರೆ ಪರದೆಯ ಮೇಲೆ ಅವರ ಮುಖವನ್ನು ಮುಟ್ಟಿ ಬೆಳಕು ತುಸು ಏರಿಸುತ್ತೇನೆ. ಇಲ್ಲದಿದ್ದರೆ ಫೋನು ಕೂಡ ಗೋಡೆಯನ್ನೇ ನೋಡಿ ಲೆಕ್ಕ ಹಾಕಿಬಿಡುತ್ತದೆ. ಪ್ರಿಂಟು ಹಾಕಿಸಿ ಅವರ ಕೈಗೇ ಕೊಡುತ್ತೇನೆ.

ಹೋದ ತಿಂಗಳು ಒಬ್ಬ ಅಜ್ಜಿಗೆ ಹಾಗೆ ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಇದು ನಾನೇನೋ? ಇಷ್ಟು ಮುದುಕಿ ಆಗೀನಾ?" ಅಂತ ನಕ್ಕಳು. ಆಮೇಲೆ ಅನುಮಾನದಿಂದ ಕೇಳಿದಳು: "ಇಂಥದ್ದೇ ಇನ್ನೊಂದು ನಿನ್ ಹತ್ರ ಇಟ್ಕಂಡಿದೀಯಾ?"

"ಫೋನಿನಾಗೆ ಐತೆ ಅಜ್ಜೀ" ಅಂದೆ.

"ಅದನ್ನೂ ನನ್ ಮೊಮ್ಮಗನ ಫೋನಿಗೆ ಹಾಕಿ ಹೋಗಪ್ಪಾ. ನನ್ ಮುಖ ನಿನ್ ಹತ್ರ ಯಾಕಿರ್ಬೇಕು?"

ಹಾಕಿಕೊಟ್ಟು ಬಂದೆ.